ನೂರಕ್ಕೆ ಬಂದು ಕೂತ ಮದುವೆ ಆಲ್ಬಂ

ಉಡುಪಿಯ ಒಂದು ಆಲ್ಬಂ ಪ್ರಿಂಟಿಂಗ್ ಲ್ಯಾಬಿಗೆ ಕುಂದಾಪುರ, ಬೈಂದೂರು, ಹೆಬ್ರಿ, ಕಾರ್ಕಳ, ಶಿರ್ವದ ಸ್ಟುಡಿಯೋಗಳಿಂದ ಕೆಲಸ ಬರುತ್ತದೆ. ಮದುವೆ, ಮೆಹಂದಿ, ಕ್ರೈಸ್ತರ ಮದುವೆಗೆ ಮುಂಚಿನ ರೋಸ್, ಗೃಹಪ್ರವೇಶ, ನಡುವೆ ಯಾರದೋ ಮನೆಯ ದೈವದ ನೇಮ. ಸ್ಟುಡಿಯೋದವರು ಶೀಟ್ ಡಿಸೈನ್ ಮಾಡಿಸಿ ಕಳಿಸಬೇಕು. ಲ್ಯಾಬಿನವರು ಪ್ರಿಂಟ್ ಹಾಕಿ, ಬೈಂಡ್ ಮಾಡಿ, ಕವರ್ ಕೂರಿಸಿ ಕೊಡುತ್ತಾರೆ. ಮೊದಲೆಲ್ಲ ಶೀಟುಗಳು ಪೆನ್‌ಡ್ರೈವಿನಲ್ಲಿ ಬರುತ್ತಿದ್ದವು. ಸ್ಟುಡಿಯೋದ ಹುಡುಗ ಪೆನ್‌ಡ್ರೈವನ್ನು ಕವರಿನಲ್ಲಿ ಹಾಕಿ, ಮೇಲೆ ಫೋನ್ ನಂಬರ್ ಬರೆದು, ಉಡುಪಿ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮುಗಿಯಿತು. ಆಮೇಲೆ ಲ್ಯಾಬಿನವರು ಒಂದು ವೆಬ್ ಆ್ಯಪ್ ಮಾಡಿಸಿದರು. ಲಾಗಿನ್ ಆಗಿ, ಆರ್ಡರ್ ತುಂಬಿ, ಶೀಟುಗಳನ್ನು ಅಪ್‌ಲೋಡ್ ಮಾಡುವುದು. ನಾವು ಈ ಪ್ರಕರಣಕ್ಕೆ ಬಂದದ್ದು ಆ ಆ್ಯಪ್ ಒಂದು ಮದುವೆ ಸೀಸನ್ ಕಳೆದ ಮೇಲೆ. ಬೇರೊಬ್ಬರು ಬರೆದದ್ದನ್ನು ಮುಂದೆ ನೋಡಿಕೊಳ್ಳುವ ಕೆಲಸ ನಮ್ಮದು.

ಯಜಮಾನರು ಹೇಳಿದ್ದು ಒಂದೇ ಮಾತು: "ಆ ಪ್ರೋಗ್ರೆಸ್ ಬಾರ್ ಒಂದು ಸರಿ ಮಾಡಿಕೊಡಿ. ಕೌಂಟರಿನಲ್ಲಿ ಕೂತವರಿಗೆ ಫೋನ್ ಎತ್ತಿ ಎತ್ತಿ ಸಾಕಾಗಿದೆ." ಅಪ್‌ಲೋಡ್ ಎಷ್ಟಾಯಿತು ಎಂದು ಪರದೆಯಲ್ಲಿ ತೋರಿಸುವ ಗೆರೆಯೇ ಈ ಪ್ರೋಗ್ರೆಸ್ ಬಾರ್.

ಫೋನ್ ಮಾಡುವವರ ದೂರು ಹೆಚ್ಚುಕಮ್ಮಿ ಒಂದೇ. ಕುಂದಾಪುರದ ಕಡೆಯವರಾದರೆ, "ಹ್ವಾಯ್ ಅಕ್ಕ, ನೂರಕ್ ಬಂದ್ ಕೂಕಂಡಿತ್, ಹೋಯ್ತಾ ಇಲ್ಯಾ?" ಕಾರ್ಕಳದವರಾದರೆ, "ನೂರು ಪರ್ಸೆಂಟ್ ಆಗಿ ಎರರ್ ಬಂತು ಮಾರಾಯ್ರೆ, ಪುನಃ ಹಾಕುವುದಾ?" ಕೌಂಟರಿನ ಅಕ್ಕನಿಗೆ ಉತ್ತರ ಗೊತ್ತಿರುತ್ತಿರಲಿಲ್ಲ. ಅವರ ಪರದೆಯಲ್ಲಿ ಆರ್ಡರ್ ಕಾಣಿಸುವುದು ಎಲ್ಲ ಮುಗಿದ ಮೇಲೆ. "ಒಮ್ಮೆ ಪುನಃ ಹಾಕಿ ನೋಡಿ" ಎನ್ನುತ್ತಿದ್ದರು. ಪುನಃ ಹಾಕಿದಾಗ ಒಂದೇ ಆಲ್ಬಂ ಎರಡು ಆರ್ಡರ್ ಆಗಿ ಬರುತ್ತಿತ್ತು. ಪ್ರಿಂಟಿಂಗ್ ಮಿಷನ್ ಹತ್ತಿರ ಇರುವವರು ಮದುಮಕ್ಕಳ ಮುಖ ಗುರುತು ಹಿಡಿದು ನಿಲ್ಲಿಸಿದ್ದೂ ಉಂಟು, ಗುರುತು ಸಿಗದೆ ಎರಡೂ ಪ್ರಿಂಟ್ ಆದದ್ದೂ ಉಂಟು. ಫೋಟೋ ಪೇಪರಿನ ಬೆಲೆ ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ಇಷ್ಟರ ನಡುವೆ ಕೆಲವು ಸ್ಟುಡಿಯೋಗಳು ಸದ್ದಿಲ್ಲದೆ ಬಸ್ಸಿಗೆ ವಾಪಸ್ ಹೋಗಿದ್ದವು. ಅಂದರೆ ಈ ಆ್ಯಪಿನ ಸ್ಪರ್ಧಿ ಇನ್ನೊಂದು ಆ್ಯಪ್ ಅಲ್ಲ, ಕುಂದಾಪುರ–ಉಡುಪಿ ಬಸ್ಸು.

ಶೀಟಿನ ತೂಕ

ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಏಕೆಂದರೆ ಬಾರ್ ಯಾವ ವೇಗದಲ್ಲಿ ಓಡಬೇಕು ಎನ್ನುವುದನ್ನು ನಿರ್ಧರಿಸುವುದು ಈ ಲೆಕ್ಕವೇ. ಬಿಚ್ಚಿದರೆ 36 ಇಂಚು ಅಗಲ, 12 ಇಂಚು ಎತ್ತರ ಬರುವ ಶೀಟನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಮಾಡಿದರೆ 10,800 ಇಂಟು 3,600 ಪಿಕ್ಸೆಲ್, ಹತ್ತಿರ ಹತ್ತಿರ 3 ಕೋಟಿ 89 ಲಕ್ಷ. ಒಳ್ಳೆ ಗುಣಮಟ್ಟದ ಜೆಪಿಇಜಿ ಮಾಡಿದರೆ ಒಂದು ಶೀಟು 20 ಎಂಬಿಯ ಆಸುಪಾಸು. 40 ಶೀಟಿನ ಆಲ್ಬಂ 800 ಎಂಬಿ. ಸ್ಟುಡಿಯೋದಲ್ಲಿ 20 ಎಂಬಿಪಿಎಸ್ (ಸೆಕೆಂಡಿಗೆ 20 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಅಪ್‌ಲೋಡ್ ಸಿಗುವ ಫೈಬರ್ ಇದ್ದರೆ ಐದಾರು ನಿಮಿಷದಲ್ಲಿ ಹೋಗುತ್ತದೆ. ಘಟ್ಟದ ಬುಡದ ಊರಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಹಿಡಿದು 2 ಎಂಬಿಪಿಎಸ್‌ನಲ್ಲಿ ಕೂತವರಿಗೆ 53 ನಿಮಿಷ. ಅಷ್ಟು ಹೊತ್ತಿಗೆ ಕುಂದಾಪುರದಲ್ಲಿ ಹತ್ತಿದ ಪೆನ್‌ಡ್ರೈವ್ ಉಡುಪಿ ಮುಟ್ಟಿರುತ್ತದೆ.

ಒಂದೇ ಬಾರ್ ಈ ಇಬ್ಬರಿಗೂ ಹೊಂದಬೇಕು. ಕಾಯುವಿಕೆಯ ಬಗ್ಗೆ ಹಳೆಯ ಒಂದು ಲೆಕ್ಕ ಇದೆ. ರಾಬರ್ಟ್ ಮಿಲ್ಲರ್ 1968ರಲ್ಲಿ ಶುರುಮಾಡಿದ ಚರ್ಚೆಯನ್ನು ಆಧರಿಸಿ ಬಳಕೆಗೆ ಸುಲಭವಾದ ವಿನ್ಯಾಸದ ತಜ್ಞ ಜೇಕಬ್ ನೀಲ್ಸನ್ 1993ರಲ್ಲಿ ಜನಪ್ರಿಯಗೊಳಿಸಿದ್ದು: 0.1 ಸೆಕೆಂಡಿನೊಳಗೆ ಆದದ್ದು ಕೂಡಲೇ ಆದಂತೆ ಅನಿಸುತ್ತದೆ, 1 ಸೆಕೆಂಡಿನವರೆಗೆ ಯೋಚನೆಯ ಓಟ ತುಂಡಾಗುವುದಿಲ್ಲ, 10 ಸೆಕೆಂಡು ದಾಟಿದರೆ ಗಮನ ಬೇರೆ ಕಡೆ ಹೋಗುತ್ತದೆ, ಅಲ್ಲಿ ಶೇಕಡಾ ಎಷ್ಟಾಯಿತು ಎಂದು ತೋರಿಸಲೇಬೇಕು. 53 ನಿಮಿಷ ಅದರ ಯಾವ ಸಾಲಿಗೂ ಸೇರುವುದಿಲ್ಲ. ಅಷ್ಟು ಹೊತ್ತು ಯಾರೂ ಬಾರ್ ನೋಡುತ್ತಾ ಕೂರುವುದಿಲ್ಲ. ಚಾ ಕುಡಿದು ಬಂದು ಒಮ್ಮೆ ನೋಡುತ್ತಾರೆ, ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರನ್ನು ಕಳಿಸಿ ಇನ್ನೊಮ್ಮೆ ನೋಡುತ್ತಾರೆ. ಹಾಗೆ ಅರೆಗಣ್ಣಿನಲ್ಲಿ ನೋಡಿದವರಿಗೂ ಸಂಗತಿ ಗೊತ್ತಾಗಬೇಕು.

ನೂರರ ನಂತರ ಏನಾಗುತ್ತಿತ್ತು

ಹಳೆಯ ಕೋಡಿನಲ್ಲಿ ಬಾರ್ ಇತ್ತು, ಅದರ ಲೆಕ್ಕವೂ ತಪ್ಪಿರಲಿಲ್ಲ. ಬ್ರೌಸರಿನಿಂದ ಸರ್ವರಿಗೆ ಮಾಹಿತಿ ಕಳಿಸಲು ಫೆಚ್ ಎಂಬ ಹೊಸ ವಿಧಾನ ಬಳಸಿದರೆ ಅಪ್‌ಲೋಡ್ ಎಷ್ಟಾಯಿತು ಎಂಬ ಸುದ್ದಿ ಸಿಗುವುದಿಲ್ಲ. ಅದಕ್ಕೆ ಎಕ್ಸ್‌ಎಚ್‌ಆರ್ ಎಂಬ ಹಳೆಯ ವಿಧಾನ ಬೇಕು. ಅದರ ಅಪ್‌ಲೋಡ್ ಪ್ರೋಗ್ರೆಸ್ ಈವೆಂಟ್ ಕಳಿಸಿದ ಬೈಟ್ ಎಷ್ಟು, ಒಟ್ಟು ಬೈಟ್ ಎಷ್ಟು ಎರಡನ್ನೂ ಕೊಡುತ್ತದೆ. ಬರೆದವರು ಅದನ್ನು ತಿಳಿದೇ ಬರೆದಿದ್ದರು. 40 ಶೀಟುಗಳೂ ಒಂದೇ ಫಾರ್ಮಿನಲ್ಲಿ, ಒಂದೇ ರಿಕ್ವೆಸ್ಟಿನಲ್ಲಿ (ಬ್ರೌಸರ್ ಸರ್ವರಿಗೆ ಕಳಿಸುವ ಕೋರಿಕೆ) ಹೋಗುತ್ತಿದ್ದವು. ಕೊನೆಯ ಬೈಟ್ ಬ್ರೌಸರಿನಿಂದ ಹೊರಟಾಗ ಬಾರ್ ನೂರಕ್ಕೆ ಬರುತ್ತಿತ್ತು.

ಆದರೆ ಲ್ಯಾಬಿನ ಕೆಲಸ ಶುರುವಾಗುವುದೇ ಆಗ. ಸರ್ವರಿನ ಬಾಗಿಲಲ್ಲಿ ಕೂತು ಬಂದದ್ದನ್ನು ಒಳಗೆ ದಾಟಿಸುವ ಎಂಜಿನ್‌ಎಕ್ಸ್ ಎಂಬ ತಂತ್ರಾಂಶ ತನ್ನ ಡೀಫಾಲ್ಟ್ ಅಭ್ಯಾಸದಂತೆ ಬಂದದ್ದನ್ನೆಲ್ಲ ಮೊದಲು ತನ್ನಲ್ಲಿ ಇಟ್ಟುಕೊಂಡು, ಪೂರ್ತಿ ಆದ ಮೇಲೆ ಹಿಂದಿನ ನೋಡ್ ಆ್ಯಪಿಗೆ (ನೋಡ್.ಜೆಎಸ್‌ನಲ್ಲಿ ಬರೆದ, ನಿಜವಾದ ಕೆಲಸ ಮಾಡುವ ಪ್ರೋಗ್ರಾಮಿಗೆ) ದಾಟಿಸುತ್ತಿತ್ತು. ಆ್ಯಪ್ ಒಂದೊಂದೇ ಶೀಟು ಬಿಚ್ಚಿ ಅಳತೆ ಸರಿಯಿದೆಯೇ, ಕಲರ್ ಪ್ರೊಫೈಲ್ ಪರದೆಯ ಬಣ್ಣಪದ್ಧತಿಯಾದ ಎಸ್‌ಆರ್‌ಜಿಬಿಯೋ ಮುದ್ರಣ ಶಾಯಿಯ ಸಿಎಂವೈಕೆಯೋ ಎಂದು ನೋಡಿ, ಸಣ್ಣ ಚಿತ್ರ ಮಾಡಿ, ಕೊನೆಗೆ ಪ್ರೂಫಿನ ಪಿಡಿಎಫ್ ಕಟ್ಟುತ್ತಿತ್ತು. ಬಿಚ್ಚಿದ ಒಂದು ಶೀಟು ಮೆಮರಿಯಲ್ಲಿ ಹತ್ತಿರ ಹತ್ತಿರ 117 ಎಂಬಿ ಹಿಡಿಯುತ್ತದೆ. ಶೀಟೊಂದಕ್ಕೆ ಮೂರು ನಾಲ್ಕು ಸೆಕೆಂಡ್ ಎಂದರೂ 40 ಶೀಟಿಗೆ ಎರಡು ನಿಮಿಷಕ್ಕೂ ಮೇಲೆ. ಹಿಂದಿನಿಂದ ಉತ್ತರ ಬರಲು ಎಂಜಿನ್‌ಎಕ್ಸ್ ಕಾಯುವ ಡೀಫಾಲ್ಟ್ ಅವಧಿ 60 ಸೆಕೆಂಡ್. ಅದು ಕಳೆದ ಕೂಡಲೇ ಸ್ಟುಡಿಯೋದವರಿಗೆ 504 ಎರರ್ ತೋರಿಸಿ ಕೈತೊಳೆದುಕೊಳ್ಳುತ್ತಿತ್ತು. ನೋಡ್ ಆ್ಯಪಿಗೆ ಇದ್ಯಾವುದೂ ಗೊತ್ತಿಲ್ಲ. ಅದು ತನ್ನ ಪಾಡಿಗೆ ಕೆಲಸ ಮುಗಿಸಿ ಆರ್ಡರ್ ದಾಖಲು ಮಾಡುತ್ತಿತ್ತು. ಹದಿನೈದು ಶೀಟಿನ ಒಳಗಿನ ಸಣ್ಣ ಆಲ್ಬಂಗಳಿಗೆ ಈ ರಗಳೆ ಇರಲೇ ಇಲ್ಲ, ಹಾಗಾಗಿ ಟೆಸ್ಟ್ ಮಾಡುವಾಗ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

60 ಸೆಕೆಂಡನ್ನು ಹತ್ತು ನಿಮಿಷಕ್ಕೆ ಏರಿಸಿದ್ದು ಮೊದಲ ದಿನದ ಪ್ರಥಮ ಚಿಕಿತ್ಸೆ. ಎರರ್ ನಿಂತಿತು, ಆದರೆ ನೂರರಲ್ಲಿ ಕೂರುವುದು ನಿಲ್ಲಲಿಲ್ಲ. ಕ್ರಿಸ್ ಹ್ಯಾರಿಸನ್ ಮತ್ತು ಸಂಗಡಿಗರು 2007ರಲ್ಲಿ ಪ್ರೋಗ್ರೆಸ್ ಬಾರುಗಳ ಮೇಲೆ ಒಂದು ಅಧ್ಯಯನ ಮಾಡಿದ್ದರು. ಒಂದೇ ಅವಧಿಯ ಬಾರುಗಳಲ್ಲೂ ಕೊನೆಯಲ್ಲಿ ತಡೆದು ನಿಲ್ಲುವಂಥದ್ದು ಜನರಿಗೆ ಹೆಚ್ಚು ನಿಧಾನ ಎನಿಸುತ್ತದೆ, ಕೊನೆಗೆ ವೇಗ ಹಿಡಿಯುವಂಥದ್ದು ಬೇಗ ಮುಗಿದಂತೆ ಕಾಣುತ್ತದೆ ಎಂಬುದು ಅದರ ಸಾರ. ನಮ್ಮ ಬಾರ್ ಸರಿಯಾಗಿ ತದ್ವಿರುದ್ಧ ಮಾಡುತ್ತಿತ್ತು.

ನಕಲಿ ಓಟ ಬೇಡ

ಸುಲಭದ ದಾರಿ ಒಂದಿತ್ತು, ತಂಡದಲ್ಲಿ ಅದರ ಪರವಾಗಿ ವಾದವೂ ನಡೆಯಿತು. ಅಪ್‌ಲೋಡಿಗೆ 80 ಭಾಗ ಕೊಟ್ಟು, ಉಳಿದ 20ನ್ನು ಟೈಮರ್ ಹಿಡಿದು ಮೆಲ್ಲಗೆ ತೆವಳಿಸುವುದು. 2013ರ ಸುಮಾರಿಗೆ ಯೂಟ್ಯೂಬ್ ಪುಟದ ತಲೆಯಲ್ಲಿ ತೆಳ್ಳಗಿನ ಕೆಂಪು ಗೆರೆ ಓಡತೊಡಗಿದ ಮೇಲೆ ಎನ್‌ಪ್ರೋಗ್ರೆಸ್‌ನಂಥ ಲೈಬ್ರರಿಗಳು ಈ ತೆವಳುವ ಗೆರೆಯನ್ನು ಎಲ್ಲರ ಕೈಗೂ ಕೊಟ್ಟವು. ಪುಟ ತೆರೆಯುವ ಒಂದೆರಡು ಸೆಕೆಂಡಿಗೆ ಅದು ಚೆಂದವೇ, ನನ್ನ ತಕರಾರಿಲ್ಲ. ಆದರೆ ಹೆಬ್ರಿಯಲ್ಲಿ ಲೈನ್ ಕಡಿದು ಹೋಗಿರುವಾಗಲೂ ಗೆರೆ ತೆವಳುತ್ತಲೇ ಇದ್ದರೆ, ಅದು ಕಾಯುವವನಿಗೆ ಹೇಳುವ ಸುಳ್ಳು. ಒಮ್ಮೆ ಆ ಸುಳ್ಳು ಗೊತ್ತಾದರೆ ಅವನು ಮತ್ತೆ ಯಾವ ಬಾರನ್ನೂ ನಂಬುವುದಿಲ್ಲ, ನೇರವಾಗಿ ಫೋನ್ ಎತ್ತುತ್ತಾನೆ.

ಬಸ್ಸಿನಲ್ಲಿ ಪೆನ್‌ಡ್ರೈವ್ ಕಳಿಸಿದವರು ಯಾಕೆ ನಿಶ್ಚಿಂತೆಯಾಗಿರುತ್ತಿದ್ದರು ಎಂದು ಯೋಚಿಸಿದರೆ ಉತ್ತರ ಅಲ್ಲೇ ಇದೆ. ಕಂಡಕ್ಟರಿಗೆ ಫೋನ್ ಮಾಡಿದರೆ "ಕೋಟ ದಾಟಿತು", "ಸಾಲಿಗ್ರಾಮದಲ್ಲಿದ್ದೇವೆ", "ಬ್ರಹ್ಮಾವರದಲ್ಲಿ ಬ್ಲಾಕ್ ಉಂಟು" ಎನ್ನುತ್ತಾನೆ. ಶೇಕಡಾ ಅರವತ್ತೆರಡು ಆಯಿತು ಎಂದು ಯಾವ ಕಂಡಕ್ಟರೂ ಹೇಳುವುದಿಲ್ಲ. ಕೇಳುವವನಿಗೆ ಗೊತ್ತಿರುವ ನಿಲ್ದಾಣಗಳ ಹೆಸರು ಹೇಳುತ್ತಾನೆ, ಬಸ್ಸು ನಿಂತಿದ್ದರೆ ನಿಂತಿದೆ ಎನ್ನುತ್ತಾನೆ. ಸ್ಟುಡಿಯೋದವನಿಗೆ ಗೊತ್ತಿರುವ ನಿಲ್ದಾಣ ಯಾವುದು? ಬೈಟ್ ಅಲ್ಲ, ಶೀಟು. ಅವನು ಆಲ್ಬಂ ಯೋಚಿಸುವುದೂ ಶೀಟಿನಲ್ಲೇ, ದುಡ್ಡು ಲೆಕ್ಕ ಹಾಕುವುದೂ ಶೀಟಿನಲ್ಲೇ.

ಹಾಗಾಗಿ ಹೊಸ ಪರದೆಯಲ್ಲಿ ಶೇಕಡಾ ಅಂಕಿಯೇ ಇಲ್ಲ. "40 ಶೀಟುಗಳಲ್ಲಿ 12 ಲ್ಯಾಬಿಗೆ ತಲುಪಿದೆ, 11 ಚೆಕ್ ಆಗಿದೆ" ಎಂಬ ಒಂದು ಸಾಲು, ಅದರ ಕೆಳಗೆ ಬಾರ್, ಅದರ ಕೆಳಗೆ ಶೀಟುಗಳ ಸಣ್ಣ ಚಿತ್ರಗಳ ಸಾಲು. ಪರದೆಯನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುವವರಿಗೂ ಶೇಕಡಾದ ಬದಲು ಇದೇ ವಾಕ್ಯ ಕೇಳಿಸುವಂತೆ ಏರಿಯಾ ವ್ಯಾಲ್ಯೂಟೆಕ್ಸ್ಟ್ (aria-valuetext) ಎಂಬ ಎಚ್‌ಟಿಎಂಎಲ್ ಗುಣದಲ್ಲಿ ಬರೆದೆವು.

ಬಾರಿಗಾಗಿ ಸರ್ವರ್ ಬದಲಾಯಿತು

ಬಾರನ್ನು ಬಿಡಿಸಲು ಹಿಡಿದ ಹೊತ್ತು ಅತ್ಯಲ್ಪ. ಎಚ್‌ಟಿಎಂಎಲ್‌ನಲ್ಲೇ ಪ್ರೋಗ್ರೆಸ್ ಎಂಬ ಟ್ಯಾಗ್ ಇದೆ, ಬಣ್ಣ ಬಳಿದರೆ ಆಯಿತು. ಹೊತ್ತು ಹಿಡಿದದ್ದು "12 ತಲುಪಿದೆ, 11 ಚೆಕ್ ಆಗಿದೆ" ಎಂದು ಸತ್ಯವಾಗಿ ಹೇಳಬಲ್ಲ ಸರ್ವರ್ ಮಾಡಲು. 40 ಶೀಟು ಒಂದೇ ಮೂಟೆಯಲ್ಲಿ ಬಂದರೆ ಅಂಥ ವಾಕ್ಯ ಹೇಳುವುದು ಸಾಧ್ಯವೇ ಇಲ್ಲ.

ಮೊದಲ ಬದಲಾವಣೆ: ಶೀಟಿಗೊಂದು ರಿಕ್ವೆಸ್ಟ್, ಶೀಟಿನೊಳಗೆ ಮತ್ತೆ ತುಂಡು. ಒಂದು ಶೀಟು ತಲುಪಿದ ಕೂಡಲೇ ಅದರ ಪರೀಕ್ಷೆ ಹಿನ್ನೆಲೆಯ ಕ್ಯೂನಲ್ಲಿ ಶುರು. ಎರಡನೇ ಶೀಟು ಬರುತ್ತಿರುವಾಗ ಮೊದಲನೆಯದು ಚೆಕ್ ಆಗುತ್ತಿರುತ್ತದೆ. ನಲವತ್ತನೆಯದು ಬರುವಷ್ಟರಲ್ಲಿ ಬಾಕಿ ಉಳಿಯುವುದು ಒಂದೋ ಎರಡೋ. ಕೊನೆಯಲ್ಲಿದ್ದ ಆ ಎರಡು ನಿಮಿಷದ ನಿಲುಗಡೆಯನ್ನು ಚಂದ ಮಾಡುವುದರ ಬದಲು ಹೀಗೆ ಇಲ್ಲವಾಗಿಸಿದೆವು. ಇದರಿಂದ ಕೇಳದೆಯೇ ಸಿಕ್ಕ ಲಾಭ ಒಂದಿದೆ: ಮೂರನೇ ಶೀಟು ತಪ್ಪಾಗಿ ಸಿಎಂವೈಕೆಯಲ್ಲಿದ್ದರೆ ಅದು ಮೂರನೇ ಶೀಟಿನಲ್ಲೇ ಗೊತ್ತಾಗುತ್ತದೆ, 53 ನಿಮಿಷ ಕಳೆದ ಮೇಲಲ್ಲ.

ತುಂಡಿನ ಗಾತ್ರದ ಬಗ್ಗೆ ಸಾಕಷ್ಟು ಜಗ್ಗಾಟ ಆಯಿತು. ಕ್ಲೌಡ್ ಸ್ಟೋರೇಜಿಗೆ ನೇರ ಹಾಕುವ ಯೋಚನೆ ಇತ್ತು. ಅಮೆಜಾನಿನ ಸ್ಟೋರೇಜ್ ಸೇವೆ ಎಸ್3ಯ ಮಲ್ಟಿಪಾರ್ಟ್ (ತುಂಡು ತುಂಡಾಗಿ ಕಳಿಸುವ) ಅಪ್‌ಲೋಡಿನಲ್ಲಿ ಕೊನೆಯದನ್ನು ಬಿಟ್ಟು ಪ್ರತಿ ತುಂಡೂ ಕನಿಷ್ಠ 5 ಎಂಬಿ ಇರಬೇಕು. 2 ಎಂಬಿಪಿಎಸ್ ಲೈನಿನಲ್ಲಿ 5 ಎಂಬಿಗೆ 20 ಸೆಕೆಂಡ್. ಹತ್ತೊಂಬತ್ತನೇ ಸೆಕೆಂಡಿನಲ್ಲಿ ಲೈನ್ ಹೋದರೆ ಅಷ್ಟೂ ನೀರಿಗೆ. ಆದ್ದರಿಂದ 1 ಎಂಬಿಯ ತುಂಡು ಮಾಡಿ ಲ್ಯಾಬಿನ ಸರ್ವರಿಗೇ ಕಳಿಸಿದೆವು, ತುಂಡಿಗೆ ನಾಲ್ಕು ಸೆಕೆಂಡ್. ಬ್ರೌಸರಿನಲ್ಲಿ ಫೈಲನ್ನು ಸ್ಲೈಸ್ ಮಾಡುವುದು ಸುಲಭ, ಜೋಡಿಸುವ ಹೊಣೆ ಸರ್ವರಿನದು. ಇದನ್ನೇ ಚೆನ್ನಾಗಿ ಮಾಡುವ ಟಸ್ ಎಂಬ ಮುಕ್ತ ಪ್ರೊಟೊಕಾಲ್ ಇದೆ, ಹೊಸದಾಗಿ ಶುರು ಮಾಡುವವರು ಅದನ್ನೇ ಹಿಡಿಯುವುದು ಒಳ್ಳೆಯದು. ಇಲ್ಲಿ ಹಳೆಯ ಲಾಗಿನ್, ಆರ್ಡರ್ ಎಲ್ಲ ಅಂಟಿಕೊಂಡಿದ್ದರಿಂದ ಅದನ್ನು ತರಲಿಲ್ಲ.

ತುಂಡು ಸೋತು ಪುನಃ ಕಳಿಸುವಾಗ ಬಾರ್ ಹಿಂದೆ ಬರಬೇಕೇ? ಬಂದರೆ ನೋಡುವವನಿಗೆ ಹೊಟ್ಟೆಯುರಿ, ಬರದಿದ್ದರೆ ಸುಳ್ಳು. ಕೊನೆಗೆ ಬಾರಿಗೆ ಎರಡು ಬಣ್ಣ ಕೊಟ್ಟೆವು. ಸರ್ವರ್ "ಸಿಕ್ಕಿತು" ಎಂದು ಉತ್ತರ ಕೊಟ್ಟ ತುಂಡುಗಳಷ್ಟು ಉದ್ದಕ್ಕೆ ಗಾಢ ನೀಲಿ, ದಾರಿಯಲ್ಲಿರುವುದಕ್ಕೆ ತಿಳಿ ನೀಲಿ. ಲೈನ್ ಹೋದರೆ ತಿಳಿ ಭಾಗ ಮಾತ್ರ ಕುಗ್ಗುತ್ತದೆ, ಗಾಢ ಭಾಗ ಯಾವತ್ತೂ ಹಿಂದೆ ಬರುವುದಿಲ್ಲ. ಎಕ್ಸ್‌ಎಚ್‌ಆರ್ ಹೇಳುವ ಅಂಕಿ ಬ್ರೌಸರಿನಿಂದ ಹೊರಟದ್ದರ ಲೆಕ್ಕ, ಆಚೆ ತಲುಪಿದ್ದರದ್ದಲ್ಲ. ಆ ವ್ಯತ್ಯಾಸವನ್ನು ಮುಚ್ಚಿಡುವ ಬದಲು ಬಣ್ಣದಲ್ಲೇ ತೋರಿಸಿದಂತಾಯಿತು.

ಒಮ್ಮೆಗೆ ಎಷ್ಟು ಶೀಟು ಕಳಿಸುವುದು ಎಂಬುದೂ ಬಾರಿನ ಪ್ರಶ್ನೆಯೇ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ಹಳೆಯ ಪದ್ಧತಿ ಎಚ್‌ಟಿಟಿಪಿ 1.1ರಲ್ಲಿ ಬ್ರೌಸರುಗಳು ಒಂದು ಸರ್ವರಿಗೆ ಸಾಮಾನ್ಯವಾಗಿ ಆರು ಕನೆಕ್ಷನ್ ಕೊಡುತ್ತವೆ. ಆರನ್ನೂ ಬಳಸಿದರೆ ಸಪೂರ ಲೈನಿನಲ್ಲಿ ಆರು ಶೀಟುಗಳೂ ಒಟ್ಟಿಗೆ ಅರ್ಧಂಬರ್ಧ ಇರುತ್ತವೆ, ಒಂದೂ ಮುಗಿಯುವುದಿಲ್ಲ. ಎರಡೇ ಶೀಟು ಕಳಿಸಿದರೆ ಒಟ್ಟು ಹೊತ್ತು ಹೆಚ್ಚುಕಮ್ಮಿ ಅಷ್ಟೇ, ಆದರೆ ಒಂದರ ಹಿಂದೆ ಒಂದು ಮುಗಿಯುತ್ತಾ ಹೋಗುತ್ತದೆ. ಲೈನ್ ಹೋದರೂ ಪೂರ್ತಿ ತಲುಪಿದ ಶೀಟುಗಳು ಜಾಸ್ತಿ ಇರುತ್ತವೆ. ಎರಡಕ್ಕೇ ನಿಲ್ಲಿಸಿದೆವು.

ಸರ್ವರಿನ ಸುದ್ದಿ ಬ್ರೌಸರಿಗೆ ತಲುಪಿಸಲು ಸರ್ವರ್ ತಾನಾಗಿ ಸುದ್ದಿ ಕಳಿಸುತ್ತಿರುವ ಸರ್ವರ್ ಸೆಂಟ್ ಈವೆಂಟ್ಸ್ ಎಂಬ ವಿಧಾನ ಬಳಸಬಹುದಿತ್ತು. ಅದಕ್ಕೆ ಒಂದು ಕನೆಕ್ಷನ್ ಸದಾ ತೆರೆದಿರಬೇಕು, ಎಂಜಿನ್‌ಎಕ್ಸ್‌ನಲ್ಲಿ ಬಫರಿಂಗ್ (ಬಂದದ್ದನ್ನು ತಡೆದಿಟ್ಟುಕೊಳ್ಳುವುದು) ಬಂದ್ ಮಾಡಬೇಕು. ನಾವು ಗಮನಿಸಿದ್ದು, ಪ್ರತಿ ತುಂಡಿಗೂ ಸರ್ವರ್ ಹೇಗೂ ಒಂದು ಉತ್ತರ ಕೊಡುತ್ತದೆ. ಆ ಉತ್ತರದಲ್ಲೇ "ಇಷ್ಟು ಚೆಕ್ ಆಯಿತು" ಎಂದು ಸೇರಿಸಿ ಕಳಿಸಿದರೆ ಬೇರೆ ದಾರಿಯೇ ಬೇಡ. ಕೊನೆಯ ಶೀಟಿನ ನಂತರ ಮಾತ್ರ ಎರಡೆರಡು ಸೆಕೆಂಡಿಗೊಮ್ಮೆ ಬ್ರೌಸರ್ ಕೇಳುತ್ತದೆ. ಹಳೇ ಕಾಲದ ಉಪಾಯ, ಆದರೆ ಇಲ್ಲಿಗೆ ಧಾರಾಳ ಸಾಕು.

ಎರಡು ಆರ್ಡರ್ ಆಗುವ ರಗಳೆಗೆ ಮದ್ದು ಬೇರೆಯೇ. ಆರ್ಡರಿನ ಗುರುತು ಸಂಖ್ಯೆ ಅಪ್‌ಲೋಡ್ ಮುಗಿದ ಮೇಲೆ ಹುಟ್ಟುತ್ತಿತ್ತು. ಈಗ ಅಪ್‌ಲೋಡ್ ಒತ್ತುವ ಮೊದಲೇ ಹುಟ್ಟುತ್ತದೆ, ಕೌಂಟರಿನ ಅಕ್ಕನ ಪರದೆಯಲ್ಲೂ ಆಗಿನಿಂದಲೇ ಅದೇ ಬಾರ್ ಸಮೇತ ಕಾಣುತ್ತದೆ. ಒಂದು ಶೀಟಿನ ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಒಳಗಿನದ್ದರಿಂದ ಲೆಕ್ಕ ಹಾಕಿ ತೆಗೆಯುವ, ಬೆರಳಚ್ಚಿನಂಥ ಗುರುತು) ಬ್ರೌಸರಿನಲ್ಲೇ ತೆಗೆದು ಸರ್ವರಿಗೆ ತೋರಿಸಿದರೆ, "ಇದು ನನ್ನಲ್ಲಿ ಆಗಲೇ ಉಂಟು" ಎಂದು ಅದು ಬಿಟ್ಟುಬಿಡುತ್ತದೆ. ಲ್ಯಾಪ್‌ಟಾಪ್ ಆಫ್ ಆಗಿ ಪುಟ ಮುಚ್ಚಿಹೋದರೆ ಬ್ರೌಸರ್ ತಾನಾಗಿ ಆ ಫೈಲುಗಳನ್ನು ಮತ್ತೆ ತೆರೆಯಲಾರದು, ಸ್ಟುಡಿಯೋದವರೇ ಫೋಲ್ಡರನ್ನು ಇನ್ನೊಮ್ಮೆ ಆರಿಸಬೇಕು. ಆರಿಸಿದ ಮೇಲೆ ತಲುಪಿದ ಶೀಟುಗಳೆಲ್ಲ ಸರಸರ ಗಾಢ ನೀಲಿಯಾಗಿ, ಬಿಟ್ಟಲ್ಲಿಂದ ಮುಂದಕ್ಕೆ ಹೋಗುತ್ತದೆ.

ಆಟಿಯ ಪರೀಕ್ಷೆ

ಈ ಕೆಲಸಕ್ಕೆ ನಮಗೆ ಸಿಕ್ಕಿದ್ದು ಆಟಿ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ತುಳುನಾಡಿನಲ್ಲಿ ಮದುವೆ ಇಟ್ಟುಕೊಳ್ಳುವ ಪದ್ಧತಿ ಇಲ್ಲ, ಸ್ಟುಡಿಯೋಗಳೂ ಖಾಲಿ, ಲ್ಯಾಬೂ ಖಾಲಿ. ಮಳೆ ಮಾತ್ರ ಭರ್ತಿ. ಕೆಟ್ಟ ಲೈನ್ ಹುಡುಕುವವರಿಗೆ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಕ್ರೋಮಿನ ಡೆವಲಪರ್ ಟೂಲಿನಲ್ಲಿ ವೇಗ ಇಳಿಸಿ ನೋಡುವುದು ಮಣಿಪಾಲದ ಕೋಣೆಯಲ್ಲಿ ಆಗಿತ್ತು. ಆದರೆ ಅಲ್ಲಿ ನಿಧಾನ ಎಂದರೆ ಒಂದೇ ಸಮನಾದ ನಿಧಾನ. ಹೆಬ್ರಿಯ ಸ್ಟುಡಿಯೋದಲ್ಲಿ ಕೂತಾಗ ಕಂಡದ್ದು ಬೇರೆ: ಒಂದು ನಿಮಿಷ ಚೆನ್ನಾಗಿ ಓಡುತ್ತದೆ, ಮತ್ತೆ ಏನೂ ಇಲ್ಲ, ಮತ್ತೆ ಓಡುತ್ತದೆ.

ಅಲ್ಲಿ ಕರೆಂಟ್ ಹೋದಾಗ ರೂಟರ್ ಯುಪಿಎಸ್‌ನಲ್ಲಿ ಬದುಕಿತ್ತು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ. ಸತ್ತದ್ದು ಹೊರಗಿನ ಲೈನ್. ಬ್ರೌಸರಿನ "ಆನ್‌ಲೈನ್ ಇದ್ದೇನೆಯೇ" ಎಂಬ ಸೂಚನೆ ಇಂಥಲ್ಲಿ ಹೌದು ಎಂದೇ ಹೇಳುತ್ತದೆ, ರೂಟರ್ ಸಿಕ್ಕಿದರೆ ಅದಕ್ಕೆ ಅಷ್ಟೇ ಸಾಕು. ಇಲ್ಲ ಎಂದಾಗ ನಂಬಬಹುದು, ಹೌದು ಎಂದಾಗ ನಂಬುವಂತಿಲ್ಲ. ಅದಕ್ಕೆ ನಮ್ಮದೇ ಗಡಿಯಾರ ಇಟ್ಟೆವು. ಹದಿನೈದು ಸೆಕೆಂಡ್ ಒಂದೂ ಬೈಟ್ ಹೊರಡದಿದ್ದರೆ ಬಾರ್ ಬೂದಿ ಬಣ್ಣಕ್ಕೆ ತಿರುಗಿ, "ಲೈನ್ ಇಲ್ಲ. 23 ಶೀಟು ಲ್ಯಾಬಿನಲ್ಲಿ ಭದ್ರವಾಗಿದೆ. ಲೈನ್ ಬಂದ ಕೂಡಲೇ ತಾನಾಗಿ ಮುಂದುವರಿಯುತ್ತದೆ" ಎನ್ನುತ್ತದೆ. ಸ್ಟುಡಿಯೋದ ಅಣ್ಣ ಅದನ್ನು ಓದಿ, "ಇದು ಅಡ್ಡಿಲ್ಲ, ನಿಂತಿದೆ ಅಂತಾದ್ರೂ ಹೇಳ್ತದೆ" ಎಂದು ಮೊಬೈಲ್ ಹಿಡಿದು ಹೊರಗೆ ಹೋದರು.

ಬಾಕಿ ಸಮಯ ತೋರಿಸುವ ಅಂಕಿಯನ್ನು ಹೆಬ್ರಿಯ ನಂತರ ಸಾಕಷ್ಟು ಕತ್ತರಿಸಿದೆವು. ಕ್ಷಣಕ್ಷಣದ ವೇಗ ಹಿಡಿದು ಲೆಕ್ಕ ಹಾಕಿದರೆ "8 ನಿಮಿಷ", "41 ನಿಮಿಷ", "12 ನಿಮಿಷ" ಎಂದು ಕುಣಿಯುತ್ತಿತ್ತು. ಈಗ ಮೊದಲ ಎರಡು ಶೀಟು ಮುಗಿಯುವವರೆಗೆ ಏನೂ ತೋರಿಸುವುದಿಲ್ಲ. ಆಮೇಲೆ ಕಳೆದ ಕೆಲವು ನಿಮಿಷಗಳ ಸರಾಸರಿ ಹಿಡಿದು "ಸುಮಾರು ಅರ್ಧ ಗಂಟೆ" ಎಂಬಂಥ ಒರಟು ಮಾತಷ್ಟೇ.

ವೇಗದ ಲೈನ್ ಇರುವವರ ಸಮಸ್ಯೆ ಇದರ ಉಲ್ಟಾ. ಮಣಿಪಾಲದಲ್ಲಿ ಕೂತು ಒಂದೇ ಒಂದು ತಿದ್ದಿದ ಸಣ್ಣ ಕವರ್ ಫೋಟೋ ಕಳಿಸುವ ಡಿಸೈನರಿಗೆ ಬಾರ್ ಮಿಂಚಿ ಮಾಯವಾಗಿ, ಏನೋ ತಪ್ಪಿದಂತೆ ಕಾಣುತ್ತಿತ್ತು. ಒಂದು ಸೆಕೆಂಡಿನೊಳಗೆ ಮುಗಿಯುವುದಕ್ಕೆ ಬಾರ್ ತೋರಿಸುವುದೇ ಬೇಡ ಎಂದು ಬಿಟ್ಟೆವು, "ತಲುಪಿತು" ಎಂಬ ಸಾಲು ಮಾತ್ರ.

ಸೀಸನ್ ಶುರುವಾದ ಮೇಲೆ

ಆಟಿ ಮುಗಿದು ಮದುವೆಗಳು ಬಂದವು. ನೂರರಲ್ಲಿ ನಿಂತ ಬಗ್ಗೆ ಫೋನ್ ಬರುವುದು ನಿಂತಿದೆ, ನೂರು ಎಂಬ ಅಂಕಿಯೇ ಇಲ್ಲವಲ್ಲ. ಎರಡು ಸಲ ಬಂದ ಆರ್ಡರ್ ಇದುವರೆಗೆ ಪ್ರಿಂಟಿಂಗ್ ಮಿಷನ್‌ವರೆಗೆ ಹೋಗಿಲ್ಲ. ಈಗ ಬರುವ ಫೋನುಗಳು ಬೇರೆ ರೀತಿಯವು: "ಹದಿನೇಳನೇ ಶೀಟಿಗೆ ಕೆಂಪು ಗುರುತು ಬಂದಿದೆ, ಎಂತದು?" ಅದಕ್ಕೆ ಅಕ್ಕನ ಹತ್ತಿರ ಉತ್ತರ ಇದೆ, ಅವರ ಪರದೆಯಲ್ಲೂ ಅದೇ ಶೀಟು ಕೆಂಪಾಗಿರುತ್ತದೆ. ಬೈಂದೂರಿನ ಕಡೆಯ ಒಬ್ಬರು ಮಾತ್ರ ಇನ್ನೂ ಬಸ್ಸಿನಲ್ಲೇ ಕಳಿಸುತ್ತಾರೆ. ಅವರಲ್ಲಿ ಲೈನ್ ಅಷ್ಟು ಕೆಟ್ಟದ್ದು, ಅವರ ಲೆಕ್ಕದಲ್ಲಿ ಬಸ್ಸೇ ಸರಿ, ನನ್ನ ಲೆಕ್ಕದಲ್ಲೂ.

ಉಳಿದಿರುವುದು ಫೋನಿನಿಂದ ಕಳಿಸುವವರ ವಿಷಯ. ಫೋನಿನ ಬ್ರೌಸರ್ ಹಿಂದೆ ಸರಿದರೆ ಅಥವಾ ಪರದೆ ಆರಿದರೆ ಅಪ್‌ಲೋಡ್ ನಿಲ್ಲುವ ಸಾಧ್ಯತೆ ಇದೆ. ಪರದೆ ಆರದಂತೆ ಹಿಡಿದಿಡುವ ವೇಕ್ ಲಾಕ್ ಹಾಕಿದ್ದೇವೆ, ಅದು ಪುಟ ಕಣ್ಣೆದುರು ಇರುವವರೆಗೆ ಮಾತ್ರ. ವಾಟ್ಸ್ಆ್ಯಪ್ ನೋಡಲು ಹೋದರೆ ಅದೂ ಬಿಟ್ಟುಹೋಗುತ್ತದೆ. ಯಜಮಾನರಿಗೆ ಇದಕ್ಕೊಂದು ಆಂಡ್ರಾಯ್ಡ್ ಆ್ಯಪ್ ಬೇಕಂತೆ. 40 ಶೀಟಿನ ಆಲ್ಬಂ ಫೋನಿನಿಂದ ಕಳಿಸುವವರು ನಿಜವಾಗಿ ಎಷ್ಟು ಮಂದಿ ಇದ್ದಾರೆ ಎಂದು ಲಾಗ್ ನೋಡಿ, ದೀಪಾವಳಿ ಕಳೆದ ಮೇಲೆ ಮಾತಾಡೋಣ ಎಂದಿದ್ದೇನೆ. ಅಲ್ಲಿಯವರೆಗೆ ಫೋನಿನಲ್ಲಿ ತೆರೆದವರಿಗೆ ಬಾರಿನ ಕೆಳಗೆ ಒಂದು ಸಾಲು ಹೆಚ್ಚು ಕಾಣುತ್ತದೆ: "ಮುಗಿಯುವವರೆಗೆ ಈ ಪುಟ ತೆರೆದೇ ಇರಲಿ."